ನೆರೆಮನೆಯ ಹಿತ್ತಲಿನಲ್ಲಿ ಕಲಿತ ಪಾಠ

ಈ ಮಾಸಿಕವನ್ನು ನಮ್ಮ ಮನೆಯಲ್ಲಿ ಮೊದಲು ಓದುವವಳು ನನ್ನ ಪತ್ನಿ. ಅವಳು ಓದಿ ಮುಗಿಸಿದ ಮೇಲೆಯೇ ನನ್ನ ಸರದಿ. ಆದ್ದರಿಂದ ಈ ಲೇಖನದಲ್ಲಿ ನಾನು ಏನನ್ನೂ ಉತ್ಪ್ರೇಕ್ಷಿಸಿ ಬರೆಯುವಂತಿಲ್ಲ, ಏನನ್ನೂ ಮುಚ್ಚಿಡುವಂತೆಯೂ ಇಲ್ಲ. ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಅರಕಲಗೂಡಿನಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆಚೆ ಬದಿಯಲ್ಲಿ ಒಂದು ಕ್ರೈಸ್ತ ಕುಟುಂಬ. ಗಂಡ, ಹೆಂಡತಿ, ನಾಲ್ಕು ವರ್ಷದ ಒಬ್ಬ ಮಗಳು. ಅವರ ಹಿರಿಯರು ಶೆಟ್ಟಿಹಳ್ಳಿ ಕಡೆಯವರು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂದ ಮೇಲೆ ಅದು ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ತಲೆಯೆತ್ತುತ್ತದೆ. ಹಿನ್ನೀರು ಊರನ್ನು ನುಂಗಿದಾಗ ಬಂಧುಗಳೆಲ್ಲ ಒಂದೊಂದು ದಿಕ್ಕಿಗೆ ಚದುರಿದರಂತೆ. ಹಾಗಾಗಿ ಹತ್ತಿರದಲ್ಲಿ ಅವರಿಗೆ ತಮ್ಮವರೆಂಬವರು ಯಾರೂ ಇರಲಿಲ್ಲ. ಅವರ ಹೆಂಡತಿಗೆ ತಾಯಿಯೂ ಇರಲಿಲ್ಲ.

ಆತ ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಸುತ್ತಲಿನ ಹಳ್ಳಿಗಳ ರೈತರು ಸುಟ್ಟುಹೋದ ಪಂಪ್‌ಸೆಟ್‌ಗಳನ್ನು ಅವರಲ್ಲಿಗೇ ತರುತ್ತಿದ್ದರು. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ನನ್ನ ಪತ್ನಿಯ ರವಿಕೆ, ಬುರ್ಖಾಗಳನ್ನೂ ಅವರೇ ಹೊಲಿದುಕೊಡುತ್ತಿದ್ದರು.

2009ರ ಜೂನ್ ತಿಂಗಳು. ಆಕೆಗೆ ಐದನೇ ತಿಂಗಳು ನಡೆಯುತ್ತಿತ್ತು. ಒಂದು ದಿನ ನೋವಿಲ್ಲದೆಯೇ ರಕ್ತಸ್ರಾವ ಕಾಣಿಸಿಕೊಂಡಿತು. ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದರು. ಮಗುವಿನ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದೆ ಎಂದು ತಿಳಿಯಿತು. ವೈದ್ಯರು ಇದನ್ನು ಪ್ಲಾಸೆಂಟಾ ಪ್ರೀವಿಯಾ ಎನ್ನುತ್ತಾರೆ. ತಿಂಗಳು ತುಂಬುತ್ತಾ ಬಂದಂತೆ ಅನೇಕರಲ್ಲಿ ಮಾಸು ತಾನಾಗಿ ಮೇಲೆ ಸರಿಯುತ್ತದೆ. ಸರಿಯದಿದ್ದರೆ ಯಾವ ಗಳಿಗೆಯಲ್ಲಾದರೂ ಭಾರೀ ರಕ್ತಸ್ರಾವವಾಗಬಹುದು. ಸಹಜ ಹೆರಿಗೆ ಸಾಧ್ಯವಿಲ್ಲ, ಸಿಸೇರಿಯನ್ನೇ ಆಗಬೇಕು. ಭಾರ ಎತ್ತಕೂಡದು, ಬಗ್ಗಿ ಏಳುವ ಕೆಲಸ ಮಾಡಕೂಡದು, ಮನೆಯಲ್ಲಿ ಒಬ್ಬರು ಸದಾ ಜೊತೆಯಲ್ಲಿರಬೇಕು ಎಂದು ವೈದ್ಯರು ಹೇಳಿ ಕಳುಹಿಸಿದರು.

"ಜೊತೆಯಲ್ಲಿ ಯಾರಿದ್ದಾರೆ?" ಎಂದು ನನ್ನ ಪತ್ನಿ ಕೇಳಿದಾಗ ಆಕೆ, "ಯಾರೂ ಇಲ್ಲ ಅಕ್ಕಾ, ಇವರೇ ಇರ್ತೀನಿ ಅಂತಿದ್ದಾರೆ" ಎಂದರಂತೆ. ಗಂಡಸು ಎಷ್ಟು ದಿನ ಮನೆಯಲ್ಲಿದ್ದಾನು ಎಂದು ನನ್ನ ಪತ್ನಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಗಂಡ ಹಿಡಿದ ಸೌಟು

ಮರುದಿನದಿಂದ ಗೋಡೆಯಾಚೆಯ ದೃಶ್ಯವೇ ಬದಲಾಯಿತು. ನಾನು ಫಜ್ರ್ ನಮಾಝ್ ಮುಗಿಸಿ ಬರುವ ಹೊತ್ತಿಗೆ ಆತ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದರು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ನೀರನ್ನು ಹಿಡಿದು ತುಂಬಿಸುತ್ತಿದ್ದರು. ಪಾತ್ರೆ ಉಜ್ಜಿ, ಅನ್ನಕ್ಕಿಟ್ಟು, ಮಗಳನ್ನು ಎಬ್ಬಿಸುತ್ತಿದ್ದರು. ಬಟ್ಟೆ ಒಗೆದು ಹಗ್ಗಕ್ಕೆ ಹರವುತ್ತಿದ್ದರು. ಒಂದು ಗಂಟೆಗೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಮತ್ತೆ ಹೋಗುತ್ತಿರಲಿಲ್ಲ. ರಾತ್ರಿ ಮಗಳು ಮಲಗಿದ ಮೇಲೆ ಜಗಲಿಯಲ್ಲಿ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದರು.

ಮೊದಮೊದಲು ಎಲ್ಲವೂ ಎಡವಟ್ಟು. ಮುದ್ದೆಯಲ್ಲಿ ಗಂಟು, ಸಾರಿನಲ್ಲಿ ಉಪ್ಪಿಲ್ಲ, ಅನ್ನ ಗಂಜಿಯಾಗುತ್ತಿತ್ತು. ಆದರೆ ಮಗಳ ಜಡೆ ಮಾತ್ರ ಮೊದಲ ವಾರದಲ್ಲೇ ಅಚ್ಚುಕಟ್ಟಾಯಿತು. "ಕಾಯಿಲ್ ಸುತ್ತೋ ಕೈ ಮೇಷ್ಟ್ರೇ, ಎಳೆ ಹಿಡಿಯೋದು ಗೊತ್ತು" ಎಂದು ಒಮ್ಮೆ ನಗುತ್ತಾ ಹೇಳಿದರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆಗಳ ವೇಳೆಯನ್ನು ಬರೆದಿಟ್ಟಿದ್ದರಂತೆ. ಕಬ್ಬಿಣಾಂಶದ ಮಾತ್ರೆಯನ್ನು ಚಹಾ ಕಾಫಿಯ ಜೊತೆ ಕೊಡಬಾರದು, ನಿಂಬೆಹಣ್ಣಿನ ಪಾನಕ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು. ಇದನ್ನೆಲ್ಲ ನನ್ನ ಪತ್ನಿ ಪಕ್ಕದ ಮನೆಗೆ ಹೋಗಿ ಬಂದು ಹೇಳುತ್ತಿದ್ದಳು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಪೇಟೆಯಲ್ಲಿ ಮಾತು ಹುಟ್ಟಲು ತಡವಾಗಲಿಲ್ಲ. ಸಂಜೆ ಅಂಗಡಿ ಮುಚ್ಚಿರುವುದನ್ನು ಕಂಡವರು "ಅಮ್ಮಾವ್ರ ಗಂಡ" ಎಂದು ಹೆಸರಿಟ್ಟರು. ನಮ್ಮ ಮೊಹಲ್ಲಾದಲ್ಲಿ ಇದಕ್ಕೆ "ಜೋರೂ ಕಾ ಗುಲಾಮ್" ಎಂಬ ಮಾತಿದೆ. ಒಂದು ದಿನ ಹೋಟೆಲಿನಲ್ಲಿ ನಾನಿದ್ದಾಗಲೇ ಯಾರೋ ಅವರ ಮುಖದೆದುರೇ ಅಂದುಬಿಟ್ಟರು. ಆತ ಚಹಾ ಕುಡಿದು ಲೋಟ ಇಟ್ಟು, "ಹೌದಣ್ಣ, ಬೇರೆ ಯಾರ ಗಂಡ ಆಗ್ಬೇಕಿತ್ತು?" ಎಂದು ಕೇಳಿದರು. ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದು ಹೇಳಬೇಕಾದರೆ ನನ್ನ ಮನೆಯ ವಿಷಯ ಹೇಳಬೇಕಾಗುತ್ತದೆ.

ನನ್ನ ಮನೆಯ ಕಥೆ

ಅದಕ್ಕೆ ಮೂರು ವರ್ಷ ಹಿಂದೆ, 2006ರ ರಮಝಾನ್. ನನ್ನ ಪತ್ನಿಗೆ ನಾಲ್ಕನೇ ತಿಂಗಳು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಮದ್ರಸದಲ್ಲಿ ಓದಿದವನು, ಮಕ್ಕಳಿಗೆ ಉಪವಾಸದ ನಿಯಮಗಳನ್ನು ಕಲಿಸುವವನು. ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ನೀಡಿದೆ, ಅಲ್ಲಾಹನು ನಿಮಗೆ ಸೌಲಭ್ಯವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂದು ಅಲ್ಲೇ ತಿಳಿಸಿದೆ. ಗರ್ಭಿಣಿಗೂ ಹಾಲುಣಿಸುವ ತಾಯಿಗೂ ಈ ರಿಯಾಯಿತಿ ಇದೆಯೆಂದು ಹದೀಸ್‌ನಿಂದ ತಿಳಿದುಬರುತ್ತದೆ. ತನಗಾಗಲಿ ಮಗುವಿಗಾಗಲಿ ತೊಂದರೆಯಾದೀತೆಂಬ ಭಯವಿದ್ದರೆ ಉಪವಾಸ ಬಿಟ್ಟು, ಅನಂತರ ಕಝಾ ಮಾಡಿದರಾಯಿತು. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಸ್ವಲ್ಪ ವ್ಯತ್ಯಾಸವಿರಬಹುದು, ಮೂಲ ಅನುಮತಿಯಲ್ಲಿ ಇಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಅವಳಿಗೆ ಹೇಳಲಿಲ್ಲ. ಉಪವಾಸ ಹಿಡಿಯೆಂದೂ ಹೇಳಲಿಲ್ಲ, ಬಿಡೆಂದೂ ಹೇಳಲಿಲ್ಲ. ಹಿರಿಯರು ಏನೆಂದುಕೊಳ್ಳುತ್ತಾರೋ ಎಂದು ಅವಳು ಉಪವಾಸ ಹಿಡಿದಳು. ಬೆಳಗಿನ ಜಾವ ಎದ್ದು ಸಹರಿಗೆ ಅಡುಗೆ ಮಾಡಿದಳು, ಮಧ್ಯಾಹ್ನ ನೀರು ಹೊತ್ತಳು, ಸಂಜೆ ಇಫ್ತಾರ್‌ಗೆ ಸಮೋಸ ಕರಿದಳು. ನಾನು ಗೆಳೆಯರೊಂದಿಗೆ ಮಸೀದಿಯಲ್ಲಿ ಇಫ್ತಾರ್ ಮಾಡುತ್ತಿದ್ದೆ.

ಹನ್ನೆರಡನೇ ಉಪವಾಸದ ದಿನ ನಮ್ಮ ಮಗು ಹೋಯಿತು. ಸುದ್ದಿ ಬರುವಾಗ ನಾನು ಖರ್ಜೂರದ ತಟ್ಟೆಯ ಮುಂದೆ ಕುಳಿತಿದ್ದೆ.

ಒಂದು ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅವಳ ಕೆಲಸದಿಂದಲೋ ಉಪವಾಸದಿಂದಲೋ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ಹೆಚ್ಚಿನ ಗರ್ಭಪಾತಗಳಲ್ಲಿ ತಾಯಿಯ ತಪ್ಪೇನೂ ಇರುವುದಿಲ್ಲ. ಭ್ರೂಣದ ವರ್ಣತಂತುಗಳಲ್ಲಿನ ದೋಷವೇ, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ, ಬಹುಪಾಲು ಕಾರಣ. ಆದರೆ ನೋಡಲು ಬಂದ ಹೆಂಗಸರೆಲ್ಲ ಅವಳನ್ನೇ ಕೇಳಿದರು: "ಏನು ಎತ್ತಿದೆ? ಏನು ತಿಂದೆ? ಎಲ್ಲಿ ಕಾಲಿಟ್ಟೆ?" ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಂದೇ ಒಂದು ಮಾತು ಅವಳ ಪರವಾಗಿ ನನ್ನ ಬಾಯಿಂದ ಹೊರಡಲಿಲ್ಲ. ಮಗು ಹೋದದ್ದು ಅಲ್ಲಾಹನ ವಿಧಿ. ಆದರೆ ಆ ದಿನಗಳಲ್ಲಿ ಅವಳು ಒಂಟಿಯಾಗಿದ್ದದ್ದು ವಿಧಿಯಲ್ಲ, ಅದು ನನ್ನ ಕರ್ತವ್ಯಲೋಪ.

ಪ್ರವಾದಿವರ್ಯರ(ಸ) ಮನೆಯಲ್ಲಿ

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಹ. ಆಯಿಶಾರಲ್ಲಿ(ರ) ಕೇಳಲಾದಾಗ, ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಎದ್ದು ಹೋಗುತ್ತಿದ್ದರು ಎಂದು ಉತ್ತರಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ತಮ್ಮ ಪಾದರಕ್ಷೆಯನ್ನು ತಾವೇ ಹೊಲಿಯುತ್ತಿದ್ದರು, ಬಟ್ಟೆಗೆ ತೇಪೆ ಹಾಕುತ್ತಿದ್ದರು ಎಂದು ಬೇರೆ ವರದಿಗಳಲ್ಲಿದೆ. ಈ ಹದೀಸನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಹೇಳಿಕೊಟ್ಟು ಮನೆಗೆ ಬಂದು "ನೀರು ಕೊಡು" ಎಂದು ಕುಳಿತಿದ್ದೇನೆ.

ಬದ್ರ್ ಯುದ್ಧದ ಸಂದರ್ಭವನ್ನು ನೋಡಿ. ಹಿಜರಿ ಎರಡನೇ ವರ್ಷ, ಕ್ರಿ.ಶ. 624. ಮುಸ್ಲಿಮರು ಬೆರಳೆಣಿಕೆಯಷ್ಟು, ಒಬ್ಬೊಬ್ಬನೂ ಅಮೂಲ್ಯ. ಹ. ಉಸ್ಮಾನ್‌ರ(ರ) ಪತ್ನಿ, ಪ್ರವಾದಿವರ್ಯರ(ಸ) ಪುತ್ರಿ ಹ. ರುಕಯ್ಯಾ(ರ) ಆಗ ಕಾಯಿಲೆಯಿಂದ ಮಲಗಿದ್ದರು. ಪತ್ನಿಯ ಆರೈಕೆಗಾಗಿ ಮದೀನಾದಲ್ಲೇ ಉಳಿಯುವಂತೆ ಪ್ರವಾದಿವರ್ಯರು(ಸ) ಉಸ್ಮಾನ್‌ರಿಗೆ(ರ) ಆದೇಶಿಸಿದರು. ಅಷ್ಟೇ ಅಲ್ಲ, ಬದ್ರ್‌ನಲ್ಲಿ ಹೋರಾಡಿದವನಿಗೆ ಸಿಗುವ ಪ್ರತಿಫಲವೂ ಯುದ್ಧಾರ್ಜಿತ ಸೊತ್ತಿನ ಪಾಲೂ ಅವರಿಗೆ ಇದೆಯೆಂದರು. ಕಾಯಿಲೆಬಿದ್ದ ಪತ್ನಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವನನ್ನು ರಣರಂಗದಲ್ಲಿ ನಿಂತವನಿಗೆ ಸರಿಸಮಾನವಾಗಿ ಎಣಿಸಿದ ಧರ್ಮ ನಮ್ಮದು. ಬದ್ರ್‌ನಿಂದಲೇ ವಿನಾಯಿತಿ ಇತ್ತೆಂದ ಮೇಲೆ ಅಂಗಡಿಯಿಂದ, ಹೋಟೆಲಿನ ಹರಟೆಯಿಂದ ನಮಗೆ ವಿನಾಯಿತಿ ಸಿಗಲಾರದೇ?

ಗರ್ಭಿಣಿಯ ಸಂಕಟವನ್ನು ಕುರ್‌ಆನ್ ಬಹಳ ಗೌರವದಿಂದ ನೋಡುತ್ತದೆ. ಲುಕ್ಮಾನ್ ಅಧ್ಯಾಯದಲ್ಲಿ ತಾಯಿಯ ನಿಶ್ಶಕ್ತಿಯ ಮೇಲೆ ನಿಶ್ಶಕ್ತಿಯ ಪ್ರಸ್ತಾಪವಿದೆ. ಅಲ್‌ಅಹ್‌ಕಾಫ್‌ನಲ್ಲಿ ಕಷ್ಟಪಟ್ಟು ಹೊತ್ತ, ಕಷ್ಟಪಟ್ಟು ಹೆತ್ತ ತಾಯಿಯನ್ನು ನೆನಪಿಸಲಾಗಿದೆ. ಅತ್ತಲಾಕ್ ಅಧ್ಯಾಯದಲ್ಲಿ ವಿಚ್ಛೇದಿತಳು ಗರ್ಭಿಣಿಯಾಗಿದ್ದರೂ ಹೆರಿಗೆಯ ತನಕ ಆಕೆಯ ಖರ್ಚನ್ನು ಗಂಡನೇ ಭರಿಸಬೇಕೆಂದು ಆದೇಶವಿದೆ. ವಿಚ್ಛೇದಿತಳಿಗೇ ಇಷ್ಟು ಹಕ್ಕಿರುವಾಗ ಮನೆಯಲ್ಲಿರುವ ಪತ್ನಿಗೆ ಎಷ್ಟಿರಬೇಡ!

ಮರ್ಯಮ್(ಅ) ಅಧ್ಯಾಯವಂತೂ ಹೆರಿಗೆ ನೋವಿನ ಚಿತ್ರವನ್ನೇ ಕಣ್ಣಮುಂದೆ ತರುತ್ತದೆ. ಖರ್ಜೂರ ಮರದ ಬುಡದಲ್ಲಿ ಒಂಟಿ ಹೆಣ್ಣು, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆನ್ನುವಷ್ಟು ನೋವು. ಆಗ ಬಂದ ಸಾಂತ್ವನವಾದರೂ ಎಂಥದು? ದುಃಖಿಸಬೇಡ, ನಿನ್ನ ಕೆಳಗೆ ತೊರೆ ಹರಿಯುತ್ತಿದೆ, ಮರವನ್ನು ಅಲುಗಿಸು, ತಾಜಾ ಖರ್ಜೂರ ಬೀಳುತ್ತದೆ, ತಿನ್ನು, ಕುಡಿ, ಕಣ್ಣು ತಂಪಾಗಿಸಿಕೋ ಎಂದು. ನೋಯುವವಳಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ. ಧೈರ್ಯದ ಮಾತು, ನೀರು, ಆಹಾರ.

ಈ ಮಾತನ್ನು ನಾನು ಒಮ್ಮೆ ನೆರೆಮನೆಯವರಿಗೆ ಹೇಳಿದೆ. "ನಮ್ಮಲ್ಲಿ ಕ್ರಿಸ್ಮಸ್ ಗೋದಲಿಯಲ್ಲಿ ಮರಿಯಮ್ಮನ ಪಕ್ಕ ಜೋಸೆಫರನ್ನೂ ಇಡ್ತೀವಿ. ಅವರು ಮಾತಾಡಿದ್ದು ಬೈಬಲ್‌ನಲ್ಲಿ ಎಲ್ಲೂ ಇಲ್ಲ ಮೇಷ್ಟ್ರೇ. ಸುಮ್ನೆ ಕೆಲಸ ಮಾಡಿದೋರು" ಎಂದರು. ಕುರ್‌ಆನ್‌ನಲ್ಲಿ ಜೋಸೆಫರ ಪ್ರಸ್ತಾಪವಿಲ್ಲ. ಈಸಾರ(ಅ) ಕುರಿತು ಅವರ ನಂಬಿಕೆಗೂ ನಮ್ಮ ನಂಬಿಕೆಗೂ ಇರುವ ವ್ಯತ್ಯಾಸ ಇಬ್ಬರಿಗೂ ತಿಳಿದದ್ದೇ. ನಾವು ಅದನ್ನು ಚರ್ಚಿಸಲಿಲ್ಲ. ಮರ್ಯಮ್‌ರ(ಅ) ಮೇಲಿನ ಗೌರವ ಗೋಡೆಯ ಎರಡೂ ಬದಿಯಲ್ಲಿತ್ತು. ಆದರೆ ಅದು ನಡತೆಯಲ್ಲಿ ಕಾಣುತ್ತಿದ್ದದ್ದು ಅಂದು ಆಚೆಬದಿಯಲ್ಲಿ ಮಾತ್ರ.

ರಮಝಾನ್‌ನ ಆ ರಾತ್ರಿ

2009ರ ರಮಝಾನ್ ಆಗಸ್ಟ್ ಕೊನೆಯಲ್ಲಿ ಆರಂಭವಾಗಿತ್ತು. ಸೆಪ್ಟೆಂಬರ್‌ನ ಒಂದು ರಾತ್ರಿ, ತರಾವೀಹ್ ಮುಗಿಸಿ ಬಂದಿದ್ದೆ. ಮಳೆ ಹಿಡಿದಿತ್ತು. ಗೋಡೆಯಾಚೆಯಿಂದ "ಮೇಷ್ಟ್ರೇ" ಎಂಬ ಕೂಗು. ಆ ಧ್ವನಿಯಲ್ಲೇ ಎಲ್ಲ ಅರ್ಥವಾಯಿತು. ಆಕೆಗೆ ಎಂಟು ತಿಂಗಳು ತುಂಬಿರಲಿಲ್ಲ. ಹಾಸಿಗೆ ರಕ್ತದಲ್ಲಿ ತೊಯ್ದಿತ್ತು.

108 ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದು ಆಗಿನ್ನೂ ವರ್ಷ ಕಳೆದಿರಲಿಲ್ಲ. ಆತ ಆ ನಂಬರನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಅದರ ಕೆಳಗೆ ಆಕೆಯ ರಕ್ತದ ಗುಂಪು, ಅದೇ ಗುಂಪಿನ ಮೂವರ ಫೋನ್ ನಂಬರ್. ಅದರಲ್ಲಿ ನನ್ನ ಹೆಸರೂ ಇತ್ತು. ಜುಲೈಯಲ್ಲೇ ನನ್ನನ್ನು ಕೇಳಿ ಬರೆದುಕೊಂಡಿದ್ದರು. ನಾನು ಮರೆತಿದ್ದೆ.

ಹಾಸನ ಅಲ್ಲಿಗೆ ಸುಮಾರು ಮೂವತ್ತು ಕಿಲೋಮೀಟರ್. ಮುಂದೆ ಆಂಬುಲೆನ್ಸ್, ಹಿಂದೆ ಬಾಡಿಗೆ ಕಾರಿನಲ್ಲಿ ನಾನು ಮತ್ತು ಮಸೀದಿಯ ಇಬ್ಬರು ಯುವಕರು. ಆ ರಾತ್ರಿ ನಾವು ರಕ್ತ ಕೊಟ್ಟೆವು. ಮಗಳು ನಮ್ಮ ಮನೆಯಲ್ಲಿ ನನ್ನ ಪತ್ನಿಯ ಮಗ್ಗುಲಲ್ಲಿ ಮಲಗಿತ್ತು. ಸಹರಿಗೆ ಎದ್ದು ನಮ್ಮವರ ಜೊತೆ ಹಾಲು ಕುಡಿದು, "ಅಪ್ಪ ಜಡೆ ಹಾಕೋಕೆ ಯಾವಾಗ ಬರ್ತಾರೆ?" ಎಂದು ಕೇಳಿತಂತೆ.

ಸಿಸೇರಿಯನ್ ಆಯಿತು. ಎರಡು ಕಿಲೋ ಕೂಡ ಇಲ್ಲದ ಗಂಡು ಮಗು. ತಾಯಿ ಬದುಕಿದರು. ಅಲ್‌ಹಮ್ದುಲಿಲ್ಲಾಹ್.

ನಾಲ್ಕು ದಿನದ ನಂತರ ಆಸ್ಪತ್ರೆಗೆ ನೋಡಲು ಹೋದೆ. ಆತ ಅಂಗಿ ಬಿಚ್ಚಿ, ಬರಿ ಎದೆಯ ಮೇಲೆ ಮಗುವನ್ನು ಒರಗಿಸಿಕೊಂಡು, ಮೇಲೆ ಶಾಲು ಹೊದ್ದು ಕುಳಿತಿದ್ದರು. ಇದನ್ನು ಕಾಂಗರೂ ಮಾದರಿ ಆರೈಕೆ ಎನ್ನುತ್ತಾರೆ. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಯಂತ್ರಗಳು ಸಾಲದೆ ಹೋದಾಗ ವೈದ್ಯರು ಆರಂಭಿಸಿದ ಪದ್ಧತಿ ಇದು. ಹೆತ್ತವರ ಮೈಯ ಬಿಸಿಯೇ ಮಗುವಿಗೆ ಬಿಸಿ. ವಿಶ್ವ ಆರೋಗ್ಯ ಸಂಸ್ಥೆಯೂ ಇಂದು ಇದನ್ನು ಶಿಫಾರಸು ಮಾಡುತ್ತದೆ. ತಾಯಿ ಚೇತರಿಸಿಕೊಳ್ಳುವಾಗ ತಂದೆಯೂ ಇದನ್ನು ಮಾಡಬಹುದು. ನನ್ನನ್ನು ಕಂಡು ಆತ ಏಳಲು ಹೋಗಲಿಲ್ಲ, ಕಣ್ಣಲ್ಲೇ ಕೂರಲು ಹೇಳಿದರು.

ಮನೆಗೆ ಬಂದು ಪತ್ನಿಗೆ ಈ ದೃಶ್ಯವನ್ನು ಹೇಳಿದೆ. ಅವಳು ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ನಂತರ, "ಆ ದಿನ ಅವರೆಲ್ಲ ನನ್ನನ್ನು ಕೇಳುವಾಗ ನೀವು ಬಾಗಿಲ ಹತ್ತಿರ ಇದ್ದಿರಿ. ಒಂದು ಮಾತು ಆಡಬಹುದಿತ್ತು" ಎಂದಳು. ಮೂರು ವರ್ಷ ಅವಳು ಅದನ್ನು ಒಳಗಿಟ್ಟುಕೊಂಡಿದ್ದಳು. ನಾನು ಕ್ಷಮೆ ಕೇಳಿದೆ. ಅಲ್ಲಾಹನಲ್ಲಿ ತೌಬಾ ಮಾಡುವುದನ್ನು ಚಿಕ್ಕಂದಿನಿಂದ ಕಲಿತಿದ್ದೆ. ಪತ್ನಿಯಲ್ಲಿ ಕ್ಷಮೆ ಕೇಳಿದ್ದು ಅದೇ ಮೊದಲು.

ನನ್ನ ಸರದಿ

2011ರಲ್ಲಿ ಅಲ್ಲಾಹನು ಮತ್ತೆ ಕರುಣಿಸಿದನು. ಈ ಸಲವೂ ಮೊದಲ ತಿಂಗಳುಗಳಲ್ಲಿ ವಾಂತಿ, ನಂತರ ರಕ್ತದೊತ್ತಡ. ಆ ವರ್ಷ ಸಮೋಸದ ಮಾತೇ ಎತ್ತಲಿಲ್ಲ. ಸಹರಿಯ ಅನ್ನ ನಾನೇ ಇಟ್ಟೆ. ಅವಳ ಉಪವಾಸದ ವಿಷಯವನ್ನು ನಾನೇ ಅಮ್ಮಿಯ ಬಳಿ ಮಾತನಾಡಿದೆ. "ನಾವೆಲ್ಲ ಏಳೆಂಟು ಹೆತ್ತು ಗದ್ದೆಗೆ ಹೋದವರು" ಎಂದು ಅಮ್ಮಿ ಆರಂಭಿಸಿದರು. "ಆಗ ನಿಮಗೂ ಯಾರಾದರೂ ಸಹಾಯ ಮಾಡಬೇಕಿತ್ತು ಅಮ್ಮಿ" ಎಂದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಣಸೆಹಣ್ಣು ಎಲ್ಲಿದೆಯೆಂದು ತೋರಿಸಿಕೊಟ್ಟರು.

ಮೊದಲ ವಾರ ನನ್ನ ಮುದ್ದೆಯಲ್ಲೂ ಗಂಟುಗಳಿದ್ದವು. ಗೋಡೆಯಾಚೆಯಿಂದ ಸಲಹೆ ಬರುತ್ತಿತ್ತು: "ಹಿಟ್ಟು ಒಂದೇ ಸಲ ಸುರಿಬೇಡಿ ಮೇಷ್ಟ್ರೇ, ಉರಿ ಸಣ್ಣಗಿರ್ಲಿ."

ನಮಗೆ ಮಗಳು ಹುಟ್ಟಿದಳು.

ಮನೆಯವರು ತಿಳಿದಿರಬೇಕಾದದ್ದು

ಸಹೋದರಿಯರೇ, ಈ ಪುಟವನ್ನು ನಿಮ್ಮ ಪತಿಗೂ ಮಗನಿಗೂ ತೋರಿಸಿ. ಗರ್ಭಿಣಿಯಿರುವ ಮನೆಯಲ್ಲಿ ಗಂಡಸಿಗೆ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ.

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಫಿಟ್ಸ್, ಜ್ವರ, ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಬೇಕು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, 7ಕ್ಕಿಂತ ಇಳಿದರೆ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ನಮ್ಮ ಮನೆಗಳಿಂದ ಮೊದಲು ಹೋಗಬೇಕು.

ವಿಶ್ರಾಂತಿಯ ಬಗ್ಗೆಯೂ ಒಂದು ಮಾತು. ಎಲ್ಲ ಗರ್ಭಿಣಿಯರಿಗೂ ಹಾಸಿಗೆ ಹಿಡಿಯಲು ವೈದ್ಯರು ಇಂದು ಹೇಳುವುದಿಲ್ಲ. ಸದಾ ಮಲಗಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಯಾರಿಗೆ ಎಷ್ಟು ವಿಶ್ರಾಂತಿ ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಹೇಳಿದ್ದು ಮನೆಯಲ್ಲಿ ನಡೆಯುವಂತೆ ನೋಡಿಕೊಳ್ಳುವುದು ಗಂಡನ ಕೆಲಸ.

ತಾಯಿ ಕಾರ್ಡನ್ನು ಗಂಡನೂ ಓದಬೇಕು. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆ 2016ರಿಂದ ಇದೆ. ಮಾತೃವಂದನಾ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ರಾಜ್ಯ ಸರಕಾರಿ ನೌಕರನಾದ ಗಂಡನಿಗೆ 15 ದಿನಗಳ ಪಿತೃತ್ವ ರಜೆಯಿದೆ. ಆ ರಜೆಯನ್ನು ನೆಂಟರ ಮನೆಗೆ ಸಿಹಿ ಹಂಚುವುದರಲ್ಲೇ ಮುಗಿಸಬಾರದು. ರಕ್ತದ ಗುಂಪು, ಕೊಡುವವರ ನಂಬರ್, ವಾಹನ, ಸ್ವಲ್ಪ ಹಣ: ಇವನ್ನು ಏಳನೇ ತಿಂಗಳಿಗೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು.

ಇದಕ್ಕೆಲ್ಲ ದೊಡ್ಡ ವಿದ್ಯೆಯೇನೂ ಬೇಡ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್, ಜೇಬಿನಲ್ಲಿ ಒಂದು ಪೆನ್ನು ಸಾಕು. ಜನ ಏನೆನ್ನುತ್ತಾರೋ ಎಂಬ ಭಯ ಮಾತ್ರ ಬಿಡಬೇಕು. ನೆರೆಯವರ ಹಕ್ಕಿನ ಬಗ್ಗೆ ನಮ್ಮ ಧರ್ಮ ಬಹಳಷ್ಟು ಹೇಳಿದೆ. ಆದರೆ ನೆರೆಯವನಿಂದ ಕಲಿಯಬೇಕಾದದ್ದೂ ಇರುತ್ತದೆಂಬುದನ್ನು ನಾನು ಅರಕಲಗೂಡಿನ ಆ ಹಿತ್ತಲಿನಲ್ಲಿ ತಿಳಿದೆ. ನನ್ನದೇ ಪ್ರವಾದಿಯ(ಸ) ಚರ್ಯೆಯನ್ನು ಇನ್ನೊಬ್ಬ ಧರ್ಮದವನು ನಡೆದು ತೋರಿಸಿದಾಗ ನನಗಾದ ನಾಚಿಕೆ ಅಲ್ಲಾಹನ ಒಂದು ಅನುಗ್ರಹವೆಂದೇ ಭಾವಿಸಿದ್ದೇನೆ.

ಲೇಖನವನ್ನು ಬರೆದು ಮುಗಿಸಿ ಪತ್ನಿಗೆ ಓದಲು ಕೊಟ್ಟೆ. ಪೂರ್ತಿ ಓದಿದಳು. "ಎಲ್ಲ ಸರಿಯಾಗಿದೆ" ಎಂದಳು. ನಂತರ ಹಾಳೆಯನ್ನು ಮಡಿಚಿ ಕೊಡುತ್ತಾ, "ಮುದ್ದೆಯ ಗಂಟು ಒಂದು ವಾರ ಅಂತ ಬರೆದಿದ್ದೀರಿ. ಒಂದು ತಿಂಗಳು ಇತ್ತು" ಎಂದಳು.

ತಿದ್ದದೆ ಹಾಗೆಯೇ ಕಳುಹಿಸುತ್ತಿದ್ದೇನೆ. ಅವಳ ತಿದ್ದುಪಡಿಯೂ ಜೊತೆಗಿರಲಿ.